ಗ್ರಾಮಗಳಲ್ಲಿ ಅಶ್ವಸಂವರ್ಧನ: ಸಹಾಯಧನವೂ ನಷ್ಟವೂ

೨೦೨೪ನೆಯ ಇಸವಿ ಫೆಬ್ರವರಿ ತಿಂಗಳಲ್ಲಿ ಕೇಂದ್ರ ಸರ್ಕಾರದವರು ರಾಷ್ಟ್ರೀಯ ಜಾನುವಾರು ಮಿಷನ್ ಎಂಬ ಯೋಜನೆಯನ್ನು ವಿಸ್ತರಿಸಿ, ಕುದುರೆ, ಕತ್ತೆ, ಹೇಸರಗತ್ತೆ, ಒಂಟೆ ಇವುಗಳ ಸಂವರ್ಧನವನ್ನು ಕೈಕೊಳ್ಳತಕ್ಕವರಿಗೂ ಬಂಡವಾಳದ ಅರ್ಧದಷ್ಟನ್ನು, ೫೦ ಲಕ್ಷ ರೂಪಾಯಿಗಳನ್ನು ಮೀರದಂತೆ, ಸಹಾಯಧನವಾಗಿ ಕೊಡುವುದೆಂದು ನಿಶ್ಚಯಿಸಿದರು. ಬಿಡಿಯಾಗಿ ರೈತರೂ, ಸ್ವಸಹಾಯ ಸಂಘಗಳೂ, ರೈತ ಉತ್ಪಾದಕ ಸಂಸ್ಥೆಗಳೂ ಇದಕ್ಕೆ ಅರ್ಹರೆಂದು ಸಾರಲಾಯಿತು. ಇಂಥ ವರ್ತಮಾನವು ಗ್ರಾಮಕ್ಕೆ ತಲುಪಿದಾಗ, ನಾಲ್ಕೆಕರೆ ನೀರಾವರಿಯೂ, ಹಿತ್ತಿಲಲ್ಲಿ ಹತ್ತು ರಾಸುಗಳೂ ಇರುವ ಯಜಮಾನನಿಗೆ ತಾನೂ ಮೂರು ಹೆಣ್ಣುಕುದುರೆಗಳನ್ನು ಕಟ್ಟಬಾರದೇಕೆ ಎಂಬ ಆಸೆ ಹುಟ್ಟುವುದು ಸಹಜವೇ ಸರಿ.

ಈ ಆಸೆಯು ತಪ್ಪೆಂದು ಹೇಳುವುದಕ್ಕಾಗದು. ೨೦೧೨ರ ಜಾನುವಾರು ಗಣತಿಯಲ್ಲಿ ದೇಶದ ಕುದುರೆ ಮತ್ತು ತಟ್ಟುಗಳ ಸಂಖ್ಯೆಯು ಸುಮಾರು ೬ ಲಕ್ಷ ೨೫ ಸಾವಿರದಷ್ಟಿದ್ದದ್ದು, ೨೦೧೯ರ ಗಣತಿಯ ವೇಳೆಗೆ ೩ ಲಕ್ಷ ೪೦ ಸಾವಿರದ ಹತ್ತಿರಕ್ಕೆ ಇಳಿದಿತ್ತು. ಏಳು ವರ್ಷಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕರಗಿಹೋದ ಜಾತಿಯನ್ನು ಉಳಿಸಲು ಯಾರಾದರೂ ಮುಂದೆ ಬಂದರೆ ಅವರನ್ನು ಹುರಿದುಂಬಿಸತಕ್ಕದ್ದೇ. ಆದರೆ ಲಾಯವನ್ನು ಕಟ್ಟುವ ಹಣವೇ ಬೇರೆ, ಆ ಲಾಯದಲ್ಲಿ ಎರಡು ವರ್ಷ ಮರಿಯೇ ಹುಟ್ಟದಿರುವಾಗ ತಾಳಿಕೊಳ್ಳುವ ಹಣವೇ ಬೇರೆ. ಮೊದಲನೆಯದರಲ್ಲಿ ಸರ್ಕಾರದ ಪಾಲುಂಟು. ಎರಡನೆಯದು ಪೂರ್ತಿಯಾಗಿ ಯಜಮಾನನ ತಲೆಯ ಮೇಲಿರುವುದು. ಇನ್ನೊಂದು ವಿಚಿತ್ರವೇನೆಂದರೆ, ಈ ಕಸುಬಿನಲ್ಲಿ ಸೋಲುವವನು ಯಾವಾಗಲೂ ಸೋಮಾರಿಯೇ ಆಗಿರುವುದಿಲ್ಲ. ದನಗಳನ್ನು ಚೆನ್ನಾಗಿ ಸಾಕಿ ಹೆಸರು ಪಡೆದವನೇ ಅನೇಕ ವೇಳೆ ಇಲ್ಲಿ ಮುಗ್ಗರಿಸುವನು. ಏಕೆಂದರೆ ಹಸುವಿನ ವಿಷಯದಲ್ಲಿ ಆತನು ಕಲಿತ ಸರಿಯಾದ ಪಾಠಗಳಲ್ಲಿ ಬಹುಭಾಗವು ಕುದುರೆಯ ವಿಷಯದಲ್ಲಿ ತಪ್ಪಾಗಿ ಪರಿಣಮಿಸುತ್ತದೆ.

ದಕ್ಷಿಣ ದೇಶದಲ್ಲಿ ಕುದುರೆಯನ್ನು ಏರುವುದು ಹಳೆಯ ಮಾತು. ಕುದುರೆಯನ್ನು ಇಲ್ಲಿಯೇ ಹುಟ್ಟಿಸಿ ಬೆಳೆಸುವುದು ಮಾತ್ರ ಎಂದೂ ಸುಲಭವಾಗಿರಲಿಲ್ಲ. ವಿಜಯನಗರದ ಅರಸರು ಭಟ್ಕಳ, ಗೋವೆಗಳ ಮಾರ್ಗವಾಗಿ ಸಮುದ್ರದಾಚೆಯ ಕುದುರೆಗಳನ್ನು ತರಿಸುತ್ತಿದ್ದರು. ೧೬ನೆಯ ಶತಮಾನದಲ್ಲಿ ಅಲ್ಲಿಗೆ ಬಂದಿದ್ದ ನೂನಿಜ್ ಎಂಬ ಪೋರ್ಚುಗೀಸರವನು ಅರಸನು ವರ್ಷಕ್ಕೆ ೧೩ ಸಾವಿರ ಹೊರ್ಮುಜ್ ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಬರೆದಿರುವನು. ಆತನು ಸ್ವತಃ ಕುದುರೆಯ ವ್ಯಾಪಾರಿಯಾಗಿದ್ದುದರಿಂದ ಲೆಕ್ಕದಲ್ಲಿ ಕೊಂಚ ಉತ್ಸಾಹ ಸೇರಿರಬಹುದು. ಆದರೂ ವರ್ಷವರ್ಷವೂ ಹೊರಗಿನಿಂದಲೇ ತರಿಸಬೇಕಾಗಿತ್ತೆಂಬುದು ಸ್ಪಷ್ಟ. ಅದಕ್ಕೂ ಮೊದಲು, ೧೩ನೆಯ ಶತಮಾನದ ಕೊನೆಯಲ್ಲಿ, ಪಾಂಡ್ಯರ ಕರಾವಳಿಯನ್ನು ಕಂಡ ಮಾರ್ಕೊ ಪೋಲೋ ಎಂಬ ವೆನಿಸ್ ನಗರದ ಪ್ರವಾಸಿಯು, ಅಲ್ಲಿಗೆ ಬಂದ ಕುದುರೆಗಳು ಆರೈಕೆ ಬಲ್ಲವರಿಲ್ಲದೆ ಸಾಯುತ್ತಿದ್ದುವೆಂದೂ, ಅವುಗಳಿಗೆ ಬೇಯಿಸಿದ ಅಕ್ಕಿಯನ್ನೂ ಮಾಂಸವನ್ನೂ ತಿನ್ನಿಸುತ್ತಿದ್ದರೆಂದೂ, ಉತ್ತಮವಾದ ಗಂಡಿಗೂ ಉತ್ತಮವಾದ ಹೆಣ್ಣಿಗೂ ಹುಟ್ಟಿದ ಮರಿಯು ಕಾಲು ಸೊಟ್ಟಗಾಗಿ ಕೆಲಸಕ್ಕೆ ಬಾರದಂತಿರುತ್ತಿತ್ತೆಂದೂ ತಿಳಿಸಿರುವನು. ಅಂದಿನವರು ಇದನ್ನು ದೇಶದ ಗಾಳಿಯ ದೋಷವೆಂದು ಭಾವಿಸಿದರು. ಮೇವಿನ ಶಾಸ್ತ್ರವನ್ನು ಬಲ್ಲ ಈ ಕಾಲದವರು ಆ ತಾಯಿಯ ಬೋನಿಯಲ್ಲಿ ಏನಿತ್ತೆಂದು ಮೊದಲು ಕೇಳುವರು.

ಕಂಪನಿ ಸರ್ಕಾರದವರು ಬಿಹಾರದ ಪೂಸಾ ಎಂಬಲ್ಲಿ ಸೈನ್ಯಕ್ಕಾಗಿ ದೊಡ್ಡ ಅಶ್ವಶಾಲೆಯನ್ನು ನಡೆಸಿದರು. ೧೮೦೮ರಲ್ಲಿ ಅದರ ಮೇಲ್ವಿಚಾರಣೆಗೆ ಬಂದ ಮೂರ್‌ಕ್ರಾಫ್ಟ್ ಎಂಬ ಪಶುವೈದ್ಯನು ಓಟ್ಸ್ ಧಾನ್ಯವನ್ನು ವಿಸ್ತಾರವಾಗಿ ಬಿತ್ತಿಸಿ ಮೇವನ್ನು ಸುಧಾರಿಸಿದನು. ಅಷ್ಟಕ್ಕೆ ತೃಪ್ತನಾಗದೆ, ಉತ್ತಮ ಬೀಜದ ಕುದುರೆಗಳನ್ನು ಹುಡುಕುತ್ತ ಹಿಮಾಲಯವನ್ನು ದಾಟಿ ಬುಖಾರದವರೆಗೂ ಹೋಗಿ, ೧೮೨೫ರಲ್ಲಿ ಹಿಂದಿರುಗುವ ದಾರಿಯಲ್ಲಿಯೇ ತೀರಿಕೊಂಡನು. ಸರ್ಕಾರದ ಆ ಅಶ್ವಸಂವರ್ಧನ ಶಾಖೆಯು ೧೮೭೦ರ ದಶಕದಲ್ಲಿ ಮುಚ್ಚಿಹೋಯಿತು. ಸೈನ್ಯಕ್ಕೆ ಬೇಕಾದ ಕುದುರೆಗಳು ಆಸ್ಟ್ರೇಲಿಯಾದಿಂದ ಹಡಗಿನಲ್ಲಿ ಬರತೊಡಗಿದುವು. ಪೂಸಾದ ಅದೇ ಭೂಮಿಯಲ್ಲಿ ೧೯೦೫ರಲ್ಲಿ ಕೃಷಿ ಸಂಶೋಧನಾಲಯವು ಸ್ಥಾಪಿತವಾಯಿತೆಂಬುದು ವ್ಯವಸಾಯಗಾರರಿಗೆ ನೆನಪಿರತಕ್ಕ ಸಂಗತಿ. ಕನ್ನಡ ಸೀಮೆಯಲ್ಲಿ ಟಿಪ್ಪು ಸುಲ್ತಾನನ ಕಾಲದಿಂದ ಕುದುರೆಗಳಿಗೆ ಹೆಸರಾದ ಕುಣಿಗಲಿನ ಅಶ್ವಶಾಲೆಯು ದೀರ್ಘಕಾಲ ಬಾಳಿತು. ಅದರೆ ಅದರ ಹಿಂದೆ ಅರಮನೆಯೋ ಸರ್ಕಾರವೋ, ೧೯೯೨ರಲ್ಲಿ ಗುತ್ತಿಗೆಗೆ ಹೋದ ತರುವಾಯ ದೊಡ್ಡ ಬಂಡವಾಳವುಳ್ಳ ಖಾಸಗಿಯವರೋ ಇದ್ದರು. ನೂರಾರು ಎಕರೆ ಹುಲ್ಲುಗಾವಲಿನ ಲೆಕ್ಕವನ್ನು ಮೂರು ಹೆಣ್ಣುಕುದುರೆಗಳ ಲಾಯಕ್ಕೆ ಹಿಡಿಯಲಾಗದು.

ಸಣ್ಣ ಲಾಯದ ನಷ್ಟವು ಬೆದೆಯಲ್ಲಿಯೇ ಆರಂಭವಾಗುತ್ತದೆ. ಹಸುವಿನ ಬೆದೆಯು ಒಂದು ದಿನವೂ ಪೂರ್ತಿಯಾಗಿ ನಿಲ್ಲುವುದಿಲ್ಲವಾದುದರಿಂದ, ಬೆದೆ ಕಂಡೊಡನೆ ಅದನ್ನು ಹೋರಿಯ ಬಳಿಗಾಗಲಿ ಪಶುವೈದ್ಯಶಾಲೆಗಾಗಲಿ ಹೊಡೆದುಕೊಂಡು ಹೋಗುವುದು ರೂಢಿ. ಹೆಣ್ಣುಕುದುರೆಯ ಬೆದೆಯಾದರೋ ಸಾಮಾನ್ಯವಾಗಿ ೫ರಿಂದ ೭ ದಿವಸ ಇರುವುದು. ಅಂಡವು ಬಿಡುಗಡೆಯಾಗುವುದು ಬೆದೆಯು ಮುಗಿಯುವುದಕ್ಕೆ ಒಂದೆರಡು ದಿವಸ ಮುಂಚೆ. ಮೊದಲನೆಯ ದಿನವೇ ಒಂದು ಸಲ ಕೂಡಿಸಿ, ಕೆಲಸವಾಯಿತೆಂದು ಮನೆಗೆ ಕರೆತಂದವನಿಗೆ ಗಬ್ಬ ನಿಂತರೆ ಅದು ಅದೃಷ್ಟ. ಎರಡನೆಯ ದಿನದಿಂದ ದಿನ ಬಿಟ್ಟು ದಿನ, ಹೆಣ್ಣು ಒಲ್ಲೆನೆನ್ನುವವರೆಗೂ ಕೂಡಿಸಬೇಕು. ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ ಸಮಯ ಗೊತ್ತುಮಾಡಿಕೊಂಡರಂತೂ ಇನ್ನೂ ಉತ್ತಮ. ಗಬ್ಬ ನಿಂತದ್ದನ್ನು ೧೪ರಿಂದ ೧೬ನೆಯ ದಿನದೊಳಗೆ ಯಂತ್ರದಿಂದ ನೋಡಿಸುವುದೂ ಅವಶ್ಯವೇ. ಇದನ್ನು ಪಟ್ಟಣದವರ ಷೋಕಿಯೆಂದು ತಳ್ಳಿಹಾಕತಕ್ಕದ್ದಲ್ಲ. ಹಸುವು ಅವಳಿಗಳನ್ನು ಹೇಗೋ ಹೊತ್ತು ಈದೀತು. ಕುದುರೆಯ ಗರ್ಭಕೋಶದಲ್ಲಿ ಎರಡು ಮರಿಗಳಿಗೆ ಎಡೆಯಿಲ್ಲ. ಏಳೆಂಟು ತಿಂಗಳು ಮೇವು ತಿಂದ ಮೇಲೆ ಎರಡನ್ನೂ ಕಂದುಹಾಕುವುದೇ ಸಾಮಾನ್ಯ. ಆ ಮೊದಲ ಪರೀಕ್ಷೆಯಲ್ಲಿ ಅವಳಿಯೆಂದು ಕಂಡರೆ ಒಂದನ್ನು ತೆಗೆದು ಮತ್ತೊಂದನ್ನು ಉಳಿಸುವ ಉಪಾಯವು ಪಶುವೈದ್ಯರಲ್ಲಿ ಉಂಟು. ತಿಂಗಳು ಕಳೆದ ಮೇಲೆ ಅದು ಕಷ್ಟ.

ಋತುವಿನ ವಿಷಯವನ್ನು ಯೋಜನೆಯ ಕಾಗದಗಳಲ್ಲಿ ಯಾರೂ ಬರೆಯುವುದಿಲ್ಲ. ಕುದುರೆಯು ಹಗಲು ಬೆಳೆಯುವ ಕಾಲದಲ್ಲಿ ಬೆದೆಗೆ ಬರುವ ಪ್ರಾಣಿ. ದಕ್ಷಿಣದಲ್ಲಿ ಹಗಲಿರುಳುಗಳ ವ್ಯತ್ಯಾಸವು ಕಡಿಮೆಯಾದುದರಿಂದ ಈ ಕಟ್ಟು ಅಷ್ಟು ಬಿಗಿಯಾಗಿಲ್ಲವಾದರೂ, ಶಿವರಾತ್ರಿಯಿಂದ ಮುಂಗಾರಿನ ಆರಂಭದವರೆಗಿನ ತಿಂಗಳುಗಳೇ ಹೆಚ್ಚು ಫಲಪ್ರದ. ಗರ್ಭದ ಅವಧಿಯು ಸುಮಾರು ೩೪೦ ದಿವಸ. ಹಾಗಾದರೆ ಮರಿಯು ಹುಟ್ಟುವುದು ಯಾವಾಗ? ಮುಂದಿನ ವರ್ಷದ ಬೇಸಗೆಯಲ್ಲಿ. ಗೋಮಾಳವು ಬೋಳಾಗಿ, ಬಾವಿಯ ನೀರು ತಳಕ್ಕಿಳಿದು, ಹುಲ್ಲಿನ ಬೆಲೆಯು ಏರಿರುವ ಹೊತ್ತಿಗೆ. ಹಾಲೂಡುವ ಹೆಣ್ಣುಕುದುರೆಗೆ ವರ್ಷದಲ್ಲಿ ಅತ್ಯಂತ ಹೆಚ್ಚು ಮೇವು ಬೇಕಾಗುವುದೂ ಅದೇ ತಿಂಗಳುಗಳಲ್ಲಿ. ಬಯಲುಸೀಮೆಯ ಲಾಯಗಳಲ್ಲಿ ಮರಿಗಳು ಬಡಕಲಾಗಿ, ತಾಯಿಯು ಮತ್ತೆ ಬೆದೆಗೆ ಬಾರದೆ ಬರಡಾಗಿ ನಿಲ್ಲುವುದಕ್ಕೆ ಇದಕ್ಕಿಂತ ದೊಡ್ಡ ಕಾರಣವನ್ನು ಹುಡುಕಬೇಕಾಗಿಲ್ಲ. ದಸರೆಯ ಸುಮಾರಿಗೆ ಹೂಬಿಡುವ ಮುನ್ನ ಕೊಯ್ದು ನೆರಳಿನಲ್ಲಿ ಒಣಗಿಸಿ ಬಣವೆಯೊಟ್ಟಿದ ರೋಡ್ಸ್ ಹುಲ್ಲಾಗಲಿ ಗರಿಕೆಯಾಗಲಿ ಇಲ್ಲದ ಯಜಮಾನನು ಆ ವರ್ಷ ಕುದುರೆಯನ್ನು ಕೂಡಿಸದಿರುವುದೇ ಮೇಲು. ಹಸುಗಳಿಗಾಗಿ ಗುಂಡಿಯಲ್ಲಿ ಹುಳಿಹಾಕಿದ ಹಸಿರು ಮೇವನ್ನು ಕುದುರೆಗೆ ಕೊಡುವುದು ಅಪಾಯ. ಅದರಲ್ಲಿ ಹುಟ್ಟಬಹುದಾದ ವಿಷಕ್ಕೆ ಕುದುರೆಯು ಹಸುವಿಗಿಂತ ಬೇಗನೆ ಬಲಿಯಾಗುತ್ತದೆ.

ಮರಿಹಾಕುವ ರಾತ್ರಿಯ ಮಾತು ಬೇರೆಯೇ. ಹಸುವು ಈಯಲು ಗಂಟೆಗಟ್ಟಲೆ ತೆಗೆದುಕೊಳ್ಳಬಹುದು. ಯಜಮಾನನು ಊಟ ಮುಗಿಸಿ ಬಂದು ನೋಡಿದರೂ ನಡೆದೀತು. ಕುದುರೆಯು ಸಾಮಾನ್ಯವಾಗಿ ಜನರೆಲ್ಲ ಮಲಗಿದ ಮೇಲೆ, ಕತ್ತಲಲ್ಲಿ ಮರಿಹಾಕುವುದು. ನೀರುಚೀಲ ಒಡೆದ ಮೇಲೆ ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ಎಲ್ಲವೂ ಮುಗಿಯತಕ್ಕದ್ದು. ಮುಗಿಯದಿದ್ದರೆ ಮರಿಯ ಆಸೆಯನ್ನು ಬಿಡಬೇಕಾದೀತು, ತಾಯಿಗೂ ಅಪಾಯ. ಪಶುವೈದ್ಯಶಾಲೆಯು ಹತ್ತು ಮೈಲಿ ದೂರವಿದ್ದು ರಾತ್ರಿ ವಾಹನವಿಲ್ಲದ ಗ್ರಾಮದಲ್ಲಿ ಈ ಅರ್ಧ ಗಂಟೆಯನ್ನು ಹೇಗೆ ಕಳೆಯುವುದೆಂಬುದನ್ನು ಮೊದಲೇ ಯೋಚಿಸಿರಬೇಕು. ಮೊಲೆಯ ತುದಿಯಲ್ಲಿ ಮೇಣದಂಥ ಹನಿಗಳು ಕಂಡಂದಿನಿಂದ ಸರದಿಯ ಮೇಲೆ ಇಬ್ಬರು ಕಾವಲಿರುವುದು ಅವಶ್ಯ. ಹುಟ್ಟಿದ ಮರಿಯು ಒಂದು ಗಂಟೆಯೊಳಗೆ ಎದ್ದು ನಿಲ್ಲಬೇಕು, ಎರಡು ಗಂಟೆಯೊಳಗೆ ಗಿಣ್ಣುಹಾಲನ್ನು ಕುಡಿಯಬೇಕು, ಮೂರು ಗಂಟೆಯೊಳಗೆ ತಾಯಿಯ ಮಾಸು ಬೀಳಬೇಕು. ಈ ಮೂರನೆಯದರಲ್ಲಿಯೇ ದನಗಾಹಿಯ ಅನುಭವವು ಮೋಸಮಾಡುವುದು. ಹಸುವಿನ ಮಾಸು ಮರುದಿನದವರೆಗೆ ಬೀಳದಿದ್ದರೂ ಆತನು ಹೆದರುವುದಿಲ್ಲ, ಹೆದರಬೇಕಾಗಿಯೂ ಇಲ್ಲ. ಕುದುರೆಯಲ್ಲಿ ಅದು ಬೆಳಗಿನವರೆಗೆ ಉಳಿದರೆ ನಂಜು ಏರಿ, ಗೊರಸಿನೊಳಗೆ ಉರಿಯೂತ ಹುಟ್ಟಿ, ಬದುಕಿದರೂ ಕುಂಟಾಗುವ ಭಯವುಂಟು. ಮಾಸನ್ನು ಕೈಯಿಂದ ಎಳೆಯುವುದೂ ಕಲ್ಲು ಕಟ್ಟಿ ತೂಗಬಿಡುವುದೂ ಮಹಾ ಅನರ್ಥ. ಅದನ್ನು ನೆಲಕ್ಕೆ ತಾಗದಂತೆ ಗಂಟುಹಾಕಿ ವೈದ್ಯರನ್ನು ಕರೆಸತಕ್ಕದ್ದು.

ಗಿಣ್ಣುಹಾಲಿನ ವಿಷಯದಲ್ಲಿ ಕೆಲವು ಮನೆಗಳಲ್ಲಿ ಅಸಡ್ಡೆಯುಂಟು. ಕುದುರೆಮರಿಯು ರೋಗವನ್ನು ತಡೆಯುವ ಶಕ್ತಿಯನ್ನು ತಾಯಿಯ ಹೊಟ್ಟೆಯಲ್ಲಿ ಪಡೆಯುವುದಿಲ್ಲ. ಎಲ್ಲವೂ ಈ ಮೊದಲ ಹಾಲಿನಿಂದಲೇ ಬರಬೇಕು. ಅದನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ಒಂದು ದಿನದೊಳಗೆ ಮುಚ್ಚಿಹೋಗುತ್ತದೆ. ಮೊದಲ ಆರೆಂಟು ಗಂಟೆಗಳೇ ಮುಖ್ಯ. ಮರಿಹಾಕುವ ಮುಂಚೆಯೇ ತಾಯಿಯ ಮೊಲೆಯಿಂದ ಹಾಲು ಸೋರಿಹೋಗುತ್ತಿದ್ದರೆ, ಹಾಲು ಬಹಳವಾಗಿದೆಯೆಂದು ಹಿಗ್ಗುವ ಬದಲು, ಗಿಣ್ಣು ನಷ್ಟವಾಗುತ್ತಿದೆಯೆಂದು ತಿಳಿಯಬೇಕು. ಹೊಕ್ಕುಳಿಗೆ ಔಷಧ ಹಚ್ಚದೆ ಬಿಟ್ಟರೆ ಕೀಲುಗಳು ಬಾತು ಮರಿಯು ನೆಲಹಿಡಿಯುವುದು. ಧನುರ್ವಾಯುವಿಗೆ ಸಾಕುಪ್ರಾಣಿಗಳಲ್ಲೆಲ್ಲ ಕುದುರೆಯೇ ಮೊದಲ ತುತ್ತು; ದನದ ಕೊಟ್ಟಿಗೆಯ ಪಕ್ಕದಲ್ಲಿ ಹುಟ್ಟುವ ಮರಿಗೆ ಆ ಭಯವು ತಪ್ಪದು. ಗರ್ಭದ ಕೊನೆಯ ತಿಂಗಳಲ್ಲಿ ತಾಯಿಗೆ ಹಾಕಿಸಿದ ಲಸಿಕೆಯು ಗಿಣ್ಣಿನ ಮೂಲಕ ಮರಿಯನ್ನೂ ಕಾಯುತ್ತದೆ.

ಇವೆಲ್ಲವುಗಳಿಗಿಂತಲೂ ಹೆಚ್ಚಿನ ಕುದುರೆಗಳನ್ನು ಮೆಲ್ಲಮೆಲ್ಲಗೆ ಕೆಡಿಸುವುದು ಬೋನಿ. ಹಾಲಿನ ಹಸುಗಳಿರುವ ಮನೆಯಲ್ಲಿ ಹೈಬ್ರಿಡ್ ನೇಪಿಯರ್ ಹುಲ್ಲಿನ ತಾಕು ಇದ್ದೇ ಇರುತ್ತದೆ. ಆಳೆತ್ತರ ಬೆಳೆದ ಆ ಹಸಿರನ್ನು ಕಂಡು, ಹಸು ತಿಂದು ಹತ್ತು ಲೀಟರು ಹಾಲು ಕೊಡುವಾಗ ಕುದುರೆಗೇಕೆ ಆಗದು ಎಂದುಕೊಳ್ಳುವುದು ನ್ಯಾಯವಾಗಿಯೇ ತೋರುತ್ತದೆ. ಆದರೆ ನೇಪಿಯರಿನಲ್ಲಿಯೂ ಸೆಟೇರಿಯಾ ಮುಂತಾದ ಇನ್ನು ಕೆಲವು ಉಷ್ಣಸೀಮೆಯ ಹುಲ್ಲುಗಳಲ್ಲಿಯೂ ಆಕ್ಸಲೇಟ್ ಎಂಬ ಲವಣವು ಹೆಚ್ಚಾಗಿರುವುದು. ಹಸುವಿನ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಒಡೆದುಬಿಡುತ್ತವೆ. ಕುದುರೆಗೆ ಮೆಲುಕು ಹಾಕುವ ಹೊಟ್ಟೆಯಿಲ್ಲ. ಆ ಲವಣವು ಮೇವಿನ ಸುಣ್ಣದ ಸತ್ವವನ್ನು ಹಿಡಿದುಕೊಂಡು ಸಗಣಿಯೊಡನೆ ಹೊರಗೆ ಹೋಗುವುದು. ಆಗ ಶರೀರವು ತನ್ನ ಎಲುಬುಗಳಿಂದಲೇ ಸುಣ್ಣವನ್ನು ಕರಗಿಸಿಕೊಳ್ಳಲಾರಂಭಿಸುತ್ತದೆ. ಇದರ ಜೊತೆಗೆ, ಪುಷ್ಟಿಗೆಂದು ಗೋಧಿಯ ಬೂಸವನ್ನೂ ಅಕ್ಕಿಯ ತೌಡನ್ನೂ ಮಂಕರಿಗಟ್ಟಲೆ ಕೊಟ್ಟರೆ ಅವುಗಳಲ್ಲಿರುವ ರಂಜಕವು ಸುಣ್ಣದ ಕೊರತೆಯನ್ನು ಇಮ್ಮಡಿಗೊಳಿಸುವುದು. ಹೊರನೋಟಕ್ಕೆ ಕುದುರೆಯು ದಷ್ಟಪುಷ್ಟವಾಗಿಯೇ ಇರುತ್ತದೆ. ಮೊದಲು ಒಂದು ಕಾಲನ್ನು, ಆಮೇಲೆ ಇನ್ನೊಂದು ಕಾಲನ್ನು ಕುಂಟುವುದು. ಲಾಳ ಕಟ್ಟುವವನು ದೂರಿಗೊಳಗಾಗುವನು. ತರುವಾಯ ದವಡೆಯ ಎಲುಬು ಉಬ್ಬಿ ಮುಖವು ದಪ್ಪನಾಗುತ್ತದೆ. ಆ ವೇಳೆಗೆ ಮರಿಯ ಕಾಲುಗಳೂ ಬಾಗಿರುವುದು ಆಶ್ಚರ್ಯವಲ್ಲ.

ಪರಿಹಾರವು ದುಬಾರಿಯದಲ್ಲ, ಹೊಸದೂ ಅಲ್ಲ. ಕುದುರೆಮಸಾಲೆ ಎಂಬ ಸೊಪ್ಪಿಗೆ ಹಿರಿಯರು ಆ ಹೆಸರನ್ನು ಸುಮ್ಮನೆ ಇಟ್ಟಿಲ್ಲ. ಸುಣ್ಣದ ಸತ್ವದಲ್ಲಿ ಅದನ್ನು ಮೀರಿಸುವ ಹಸಿರುಮೇವು ಲಾಯದಲ್ಲಿ ಬೇರೊಂದು ಸಿಕ್ಕುವುದು ಕಷ್ಟ. ನೀರಾವರಿಯ ಅರ್ಧ ಎಕರೆಯನ್ನು ಅದಕ್ಕೆ ಮೀಸಲಿಟ್ಟು, ಗರಿಕೆಯ ಒಣಹುಲ್ಲನ್ನು ಮುಖ್ಯವಾಗಿಯೂ, ನೆನೆಸಿ ಬೇಯಿಸಿದ ಹುರುಳಿಯನ್ನು ಮಿತವಾಗಿಯೂ, ಉಪ್ಪನ್ನು ಸದಾ ನೆಕ್ಕುವಂತೆಯೂ ಇಟ್ಟರೆ ಸಣ್ಣ ಲಾಯದ ಮೇವು ಹೆಚ್ಚುಕಡಿಮೆ ಸರಿಯಾದಂತೆಯೇ. ಕುದುರೆಯ ಜಠರವು ಶರೀರಕ್ಕೆ ಹೋಲಿಸಿದರೆ ಬಹಳ ಸಣ್ಣದು, ಅದು ವಾಂತಿಮಾಡಲಾರದು. ಆದುದರಿಂದ ಹಸುವಿಗೆ ಹಾಕಿದಂತೆ ಬೆಳಗ್ಗೆಯೊಮ್ಮೆ ಸಂಜೆಯೊಮ್ಮೆ ರಾಶಿಹಾಕಿ ಕೈತೊಳೆದುಕೊಂಡರೆ ಶೂಲೆಯನ್ನು ಕರೆದಂತಾಗುತ್ತದೆ. ಮೇವನ್ನು ಬದಲಾಯಿಸುವುದಾದರೆ ಒಂದು ವಾರ, ಹತ್ತು ದಿವಸ ಸ್ವಲ್ಪಸ್ವಲ್ಪವಾಗಿ ಬದಲಾಯಿಸಬೇಕು. ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ದನಗಳಿಗೆ ಬೆರಸಿ ಹಾಕಿ ಮುಗಿಸುವ ಪದ್ಧತಿಯುಂಟು. ಕುದುರೆಗೆ ಅದು ಮೆದುಳನ್ನೇ ಕರಗಿಸುವ ವಿಷ. ಕೋಳಿ ಮತ್ತು ದನಗಳ ಕೆಲವು ಸಿದ್ಧ ಆಹಾರಗಳಲ್ಲಿ ಮೊನೆನ್ಸಿನ್ ಎಂಬ ಮದ್ದು ಸೇರಿರುವುದು. ಕೋಳಿಗೂ ದನಕ್ಕೂ ಹಿತವಾದ ಆ ಪದಾರ್ಥವು ಅಲ್ಪ ಪ್ರಮಾಣದಲ್ಲಿಯೇ ಕುದುರೆಯ ಹೃದಯವನ್ನು ನಿಲ್ಲಿಸಬಲ್ಲುದು. ಒಂದೇ ಕೋಣೆಯಲ್ಲಿ ಕೋಳಿಯ ಚೀಲವನ್ನೂ ಕುದುರೆಯ ಚೀಲವನ್ನೂ ಇಡುವ ಮನೆಗಳಲ್ಲಿ, ಚೀಲದ ಮೇಲಿನ ಅಕ್ಷರವನ್ನು ಓದಬಲ್ಲ ಆಳು ಇರುವುದು ಲಾಯಕ್ಕೆ ಹಂಚು ಹೊದಿಸುವುದಕ್ಕಿಂತ ಅವಶ್ಯ.

ಈಗ ಲೆಕ್ಕದ ಕಡೆಗೆ ನೋಡಬಹುದು. ೩೫೦ ಕಿಲೋ ತೂಕದ ಒಂದು ಹೆಣ್ಣುಕುದುರೆಗೆ ದಿನಕ್ಕೆ ಸುಮಾರು ೮ ಕಿಲೋ ಒಣಮೇವು ಬೇಕು. ಮೂರಕ್ಕೆ ೨೪ ಕಿಲೋ. ವರ್ಷಕ್ಕೆ ೮೭೬೦ ಕಿಲೋ. ಈ ವರ್ಷ ಕೂಡಿಸಿದ ಕುದುರೆಯು ಮುಂದಿನ ವರ್ಷ ಮರಿಹಾಕಿ, ಆ ಮರಿಯು ಮೂರು ವರ್ಷ ಬೆಳೆದು ಸವಾರಿಗೆ ಪಳಗಿ ಒಳ್ಳೆಯ ಬೆಲೆಗೆ ಬರುವ ಹೊತ್ತಿಗೆ ನಾಲ್ಕು ವರ್ಷಗಳು ಕಳೆದಿರುತ್ತವೆ. ಅಲ್ಲಿಯವರೆಗೆ ತಾಯಂದಿರೇ ೩೫ ಟನ್ನುಗಳಷ್ಟು ಮೇವನ್ನು ತಿಂದಿರುವರು. ಮರಿಗಳದು, ಆಳಿನ ಸಂಬಳ, ಗೊರಸು ಕೊರೆಯುವವನ ಕೂಲಿ, ಜಂತುಹುಳುವಿನ ಔಷಧ ಬೇರೆ. ಮೂರು ಹೆಣ್ಣುಗಳಲ್ಲಿ ಮೊದಲ ವರ್ಷ ಒಂದಕ್ಕೆ ಗಬ್ಬ ನಿಲ್ಲದೆ, ಮತ್ತೊಂದು ಕಂದುಹಾಕಿ, ಮೂರನೆಯದು ಒಂದೇ ಮರಿಯನ್ನು ಕೊಟ್ಟರೆ ಅದನ್ನು ಕೆಟ್ಟ ವರ್ಷವೆಂದು ಯಾರೂ ಹೇಳಲಾರರು. ಸಣ್ಣ ಲಾಯದಲ್ಲಿ ಅದು ನಡೆಯತಕ್ಕ ಸಂಗತಿ. ನೂರು ಹೆಣ್ಣುಗಳಿರುವಲ್ಲಿ ಒಂದರ ನಷ್ಟವು ಮತ್ತೊಂದರಿಂದ ತುಂಬಿಬರುವುದು. ಮೂರಿರುವಲ್ಲಿ ಒಂದು ಸತ್ತರೆ ಬಂಡವಾಳದ ಮೂರರಲ್ಲೊಂದು ಪಾಲೇ ಸತ್ತಂತೆ. ಆನೆ ಇದ್ದರೂ ಸಾವಿರ ಸತ್ತರೂ ಸಾವಿರ ಎನ್ನುವರು. ಕುದುರೆಗೆ ಆ ಮಾತು ಸಲ್ಲದು. ಸತ್ತ ಕುದುರೆಯಿಂದ ಹೂಳುವ ಖರ್ಚು ಮಾತ್ರವೇ ಮಿಕ್ಕುವುದು. ಬ್ಯಾಂಕಿನ ಕಂತಾದರೋ ಮರಿ ಹುಟ್ಟಿದೆಯೇ ಇಲ್ಲವೇ ಎಂದು ಕೇಳದೆ ಬರುತ್ತದೆ. ಆದುದರಿಂದ ಸಹಾಯಧನದ ಅರ್ಜಿಗೆ ಕೈಹಾಕುವ ಮುನ್ನ, ಎರಡು ವರ್ಷಗಳ ಮೇವಿಗೂ ಆಳಿಗೂ ಸಾಲುವ ಹಣವು ಬೇರೆ ಮೂಲದಿಂದ ಇದೆಯೇ ಎಂದು ನೋಡಿಕೊಳ್ಳದವನು, ಅರ್ಜಿಯು ನಾಮಂಜೂರಾದರೆ ದೇವರಿಗೆ ಕಾಯಿ ಒಡೆಸಬಹುದು.

ಬೀಜದ ಗಂಡುಕುದುರೆಯ ಮೋಹವು ಇನ್ನೊಂದು ಹೊರೆ. ಗಂಡುಕುದುರೆಯಿಲ್ಲದ ಲಾಯವು ಲಾಯವೇ ಅಲ್ಲವೆಂದು ಭಾವಿಸಿ, ಮೊದಲ ಹಣವನ್ನೆಲ್ಲ ಅದರ ಮೇಲೆ ಸುರಿಯುವುದುಂಟು. ಮೂರು ಹೆಣ್ಣುಗಳಿಗಾಗಿ ಒಂದು ಗಂಡನ್ನು ವರ್ಷವಿಡೀ ಕಟ್ಟಿ ಮೇಯಿಸುವುದು, ಮೂರೆಕರೆಗೆ ಒಂದು ಟ್ರ್ಯಾಕ್ಟರನ್ನು ಕೊಂಡಂತೆ. ಮೇಲಾಗಿ ಅದನ್ನು ಹಿಡಿಯಲು ಬಲ್ಲ ಆಳು ಬೇಕು. ಪಳಗದ ಕೈಯಲ್ಲಿ ಅದು ಜನರ ಪ್ರಾಣಕ್ಕೆ ಬರುವ ಪ್ರಾಣಿ. ಐದಾರು ಗ್ರಾಮಗಳ ಸಾಕಣೆದಾರರು ಸೇರಿ, ರೈತ ಉತ್ಪಾದಕ ಸಂಸ್ಥೆಯ ಹೆಸರಿನಲ್ಲಿ, ವಂಶವು ಗೊತ್ತಿರುವ ಒಂದೇ ಗಂಡನ್ನು ಇಟ್ಟುಕೊಂಡು, ಪಡೆದ ಶುಲ್ಕದಿಂದಲೇ ಅದರ ಖರ್ಚನ್ನು ತೂಗಿಸುವುದು ನ್ಯಾಯವಾದ ದಾರಿ. ಯೋಜನೆಯು ಸಂಸ್ಥೆಗಳಿಗೂ ತೆರೆದಿದ್ದದ್ದರ ನಿಜವಾದ ಪ್ರಯೋಜನವು ಇಲ್ಲಿಯೇ ಇರುವುದು. ೧೯೮೫ರಲ್ಲಿ ಹಿಸಾರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದವರು ಕೃತಕ ಗರ್ಭಧಾರಣೆಯನ್ನೂ ಬಳಕೆಗೆ ತಂದಿರುವರು. ಅದರ ಬಿಕಾನೇರಿನ ಶಾಖೆಯಲ್ಲಿ ೨೦೨೩ರಲ್ಲಿ ಮಾರ್ವಾಡಿ ತಳಿಯ ಭ್ರೂಣವನ್ನು ಬೇರೊಂದು ತಾಯಿಯಲ್ಲಿಟ್ಟು ಮರಿಯನ್ನು ಪಡೆದದ್ದೂ ಉಂಟು. ದಕ್ಷಿಣದ ಗ್ರಾಮಗಳಲ್ಲಿ ಆ ಸೌಕರ್ಯವು ಪಶುವೈದ್ಯಶಾಲೆಯ ಬಾಗಿಲಿಗೆ ಬರುವವರೆಗೂ ಸಾಮೂಹಿಕವಾದ ಗಂಡುಕುದುರೆಯೇ ಗತಿ.

ಯಾವ ತಳಿಯೆಂಬ ಪ್ರಶ್ನೆಗೆ ಗ್ರಾಮಗಳಲ್ಲಿ ಒಂದೇ ಉತ್ತರ ಕೇಳಿಬರುತ್ತದೆ: ಕಿವಿಯ ತುದಿಗಳು ಒಂದಕ್ಕೊಂದು ತಾಗುವ ಮಾರ್ವಾಡಿ, ಇಲ್ಲವೆ ಮದುವೆಯ ಮೆರವಣಿಗೆಗೆ ಬಿಳಿಯ ನುಕ್ರಾ. ನುಕ್ರಾ ಕುದುರೆಯ ತೊಗಲು ನಸುಗೆಂಪಾಗಿದ್ದು ಬಯಲುಸೀಮೆಯ ಬಿಸಿಲಿಗೆ ಬೇಗನೆ ಸುಡುವುದೆಂಬುದನ್ನು ಮಾರುವವನು ಹೇಳುವುದಿಲ್ಲ. ಜೂಜಿನ ಓಟದ ಥರೋಬ್ರೆಡ್ ತಳಿಯಂತೂ ಸಣ್ಣ ಹ���ಡುವಳಿದಾರನ ಮಾತಲ್ಲ. ವಂಶಾವಳಿಯ ಪುಸ್ತಕದಲ್ಲಿ ಸೇರದ ಮರಿಗೆ ಅಲ್ಲಿ ಬೆಲೆಯಿಲ್ಲ, ಕೃತಕ ಗರ್ಭಧಾರಣೆಗೆ ಅಲ್ಲಿ ಎಡೆಯಿಲ್ಲ, ಓಟದಲ್ಲಿ ಹಿಂದುಳಿದದ್ದನ್ನು ಕೊಳ್ಳುವವರು ಕಡಿಮೆ. ಇತ್ತ ಭೀಮಾ ನದಿಯ ಕಣಿವೆಯ ಭೀಮಥಡಿ ಎಂಬ ದಖ್ಖನಿನ ಸಣ್ಣ ಕುದುರೆಯು ಇತ್ತೀಚಿನ ವರ್ಷಗಳಲ್ಲಿ ಪ್ರತ್ಯೇಕ ತಳಿಯೆಂದು ಮನ್ನಣೆ ಪಡೆದಿರುತ್ತದೆ. ಕುರಿಮಂದೆಗಳೊಡನೆ ಊರೂರು ತಿರುಗುವ ಕುರುಬರೂ ಧನಗರರೂ ತಮ್ಮ ಗುಡಾರವನ್ನೂ ಪಾತ್ರೆಪಡಗವನ್ನೂ ಎಳೆಯ ಕುರಿಮರಿಗಳನ್ನೂ ಇಂಥ ಕುದುರೆಗಳ ಬೆನ್ನಮೇಲೆ ಹೇರಿಕೊಂಡು ಹೋಗುವುದನ್ನು ಉತ್ತರ ಕರ್ನಾಟಕದವರೆಲ್ಲ ಕಂಡಿರುವರು. ಲಾಯವಿಲ್ಲದೆ, ಹುರುಳಿಯಿಲ್ಲದೆ, ಹೊಲದ ಬದುವಿನ ಹುಲ್ಲಿನಲ್ಲಿಯೇ ಈ ಕುದುರೆಗಳು ಮರಿಹಾಕಿ ಬಾಳುತ್ತವೆ. ಕುದುರೆಯನ್ನು ತಲೆತಲಾಂತರದಿಂದ ಬೆಳೆಸಿದ ಸಣ್ಣ ಸಾಕಣೆದಾರರು ಯಾರೆಂದರೆ ಇವರೇ. ಹೊಸದಾಗಿ ಲಾಯ ಕಟ್ಟುವ ಯಜಮಾನನು ದೂರದ ಜಾತ್ರೆಯಿಂದ ದುಬಾರಿ ಹೆಣ್ಣನ್ನು ತರುವ ಮುನ್ನ, ತನ್ನ ಹೊಲದಲ್ಲಿ ಮಂದೆ ತಂಗಿದ ಕುರುಬನನ್ನು ಕೂರಿಸಿಕೊಂಡು ಒಂದು ಸಂಜೆ ಮಾತನಾಡಿದರೆ ಆತನ ಗೌರವಕ್ಕೆ ಕುಂದಿಲ್ಲ.

ರೋಗಗಳಲ್ಲಿ ಗಂಟಲಬಾವು, ಜಂತು, ನೊಣಗಳಿಂದ ಹರಡುವ ಸರ್ರಾ ಮೊದಲಾದುವು ಲಾಯಕ್ಕೆ ಬಂದೇ ಬರುತ್ತವೆ. ಹೊಸ ಕುದುರೆಯನ್ನು ಮೂರು ವಾರ ಬೇರೆ ಕಟ್ಟುವುದರಿಂದ ಅರ್ಧ ಕಷ್ಟವು ತಪ್ಪುವುದು. ಗ್ರಾಮದ ಮುಖಂಡರು ಮುಖ್ಯವಾಗಿ ಅರಿತಿರಬೇಕಾದದ್ದು ಗ್ಲ್ಯಾಂಡರ್ಸ್ ಎಂಬುದು. ಮೂಗಿನಿಂದ ಕೀವಿನಂಥ ಸ್ರಾವ, ಮೂಗಿನೊಳಗೆ ಹುಣ್ಣು, ಕಾಲಿನ ಮೇಲೆ ಸಾಲುಗಂಟುಗಳು ಇದರ ಲಕ್ಷಣ. ಇದಕ್ಕೆ ಲಸಿಕೆಯಿಲ್ಲ, ಮನುಷ್ಯರಿಗೂ ತಗಲಿ ಪ್ರಾಣಾಪಾಯವನ್ನುಂಟುಮಾಡುವುದು. ೨೦೦೯ರ ಪ್ರಾಣಿರೋಗ ನಿಯಂತ್ರಣ ಶಾಸನದ ಮೇರೆಗೆ ರೋಗವು ದೃಢಪಟ್ಟ ಕುದುರೆಯನ್ನು ನೋವಾಗದಂತೆ ಕೊಲ್ಲಲೇಬೇಕು, ಯಜಮಾನನಿಗೆ ಪರಿಹಾರ ದೊರೆಯುವುದು. ಪರಿಹಾರವು ಕುದುರೆಯ ಬೆಲೆಗೆ ಸಮನಾಗದೆಂಬ ಕಾರಣದಿಂದ ರೋಗವನ್ನು ಮುಚ್ಚಿಟ್ಟು, ರಾತ್ರೋರಾತ್ರಿ ಬೇರೆ ಜಿಲ್ಲೆಯ ಸಂತೆಗೆ ಸಾಗಿಸುವವನು ತನ್ನ ನಷ್ಟವನ್ನು ಹತ್ತು ಮನೆಗಳಿಗೆ ಹಂಚಿದಂತೆಯೇ. ಇಂಥ ಸುಳಿವು ಸಿಕ್ಕಿದಾಗ ನೆಂಟಸ್ತನವನ್ನು ನೋಡದೆ ಪಶುವೈದ್ಯಾಧಿಕಾರಿಗಳಿಗೆ ತಿಳಿಸುವುದು ಮುಖಂಡರ ಹೊಣೆ. ಹಾಗೆ ತಿಳಿಸಿದವರ ಮೇಲೆ ಊರಿನವರು ಮುನಿಯದಂತೆ ಮೊದಲೇ ಸಭೆ ಸೇರಿಸಿ ವಿಷಯವನ್ನು ಹೇಳಿಟ್ಟಿರುವುದು ಜಾಣತನ.

ಮಾರಾಟದ ಕಾಲಕ್ಕೆ ನಾಂದೇಡ ಜಿಲ್ಲೆಯ ಮಾಳೇಗಾಂವ ಜಾತ್ರೆಯೂ, ನಂದುರ್ಬಾರ ಜಿಲ್ಲೆಯ ಸಾರಂಗಖೇಡದ ಜಾತ್ರೆಯೂ ಕುದುರೆಗಳಿಗೆ ಹೆಸರಾದುವು. ಬೀದರ, ಕಲಬುರಗಿಯವರಿಗೆ ಮೊದಲನೆಯದು ದೂರವೂ ಅಲ್ಲ. ಅಲ್ಲಿ ಮೊದಲು ನೋಡುವುದು ಸುಳಿ. ಪಂಚಕಲ್ಯಾಣಿಯೆಂದರೆ ಬೆಲೆ ಏರುವುದು. ಅಶುಭವೆನಿಸಿದ ಜಾಗದಲ್ಲಿ ಸುಳಿಯಿದ್ದರೆ ಗೊರಸು, ಹಲ್ಲು, ನಡಿಗೆ ಎಲ್ಲವೂ ಸರಿಯಿದ್ದ ಮರಿಯೂ ಅರ್ಧ ಬೆಲೆಗೆ ಹೋಗುವುದು. ಬೆಳೆಸುವವನು ಈ ನಂಬಿಕೆಯನ್ನು ಒಂದು ದಿನದಲ್ಲಿ ಅಳಿಸಲಾರನು, ಕೊಳ್ಳುವವನಾಗಿ ಮಾತ್ರ ಅದರಿಂದ ಲಾಭಪಡೆಯಬಹುದು: ಸುಳಿಯ ನೆಪದಿಂದ ಅಗ್ಗವಾದ, ಎರಡು ಮೂರು ಮರಿಗಳನ್ನು ಚೆನ್ನಾಗಿ ಸಾಕಿದ ನಡುವಯಸ್ಸಿನ ಹೆಣ್ಣೇ ಹೊಸ ಲಾಯಕ್ಕೆ ತಕ್ಕ ಮೊದಲ ಕುದುರೆ. ಬೀಜಕ್ಕೆ ಆರಿಸದ ಗಂಡುಮರಿಗಳಿಗೆ ಒಂದೆರಡು ವರ್ಷದೊಳಗೆ ಬೀಜ ತೆಗೆಸಿ ಸವಾರಿಗೆ ಪಳಗಿಸಿದರೆ ಅವುಗಳಿಗೂ ಗಿರಾಕಿಯುಂಟು. ಮರಿಯು ತಾಯಿಯ ಹಾಲನ್ನು ಬಿಡುವ ಮುನ್ನವೇ ಅದರ ಬಣ್ಣ, ಹಣೆಯ ಚುಕ್ಕೆ, ಕಾಲಿನ ಬಿಳುಪು, ಹುಟ್ಟಿದ ದಿನ, ತಂದೆತಾಯಿಗಳ ಹೆಸರು, ಇವನ್ನೆಲ್ಲ ಚಿತ್ರಸಹಿತವಾಗಿ ಬರೆದು ಪಶುವೈದ್ಯರ ಸಹಿ ಹಾಕಿಸಿಡತಕ್ಕದ್ದು. ಆ ಚೀಟಿಯಲ್ಲಿ ಸುಳಿಗಳ ಸ್ಥಾನವನ್ನೂ ಗುರುತಿಸುವರು, ಶುಭಾಶುಭಕ್ಕಾಗಿ ಅಲ್ಲ; ಎರಡು ಕುದುರೆಗಳ ಸುಳಿಗಳು ಒಂದೇ ತೆರನಾಗಿರುವುದು ಅಪರೂಪವಾದುದರಿಂದ, ಕಳುವಾದ ಕುದುರೆಯನ್ನು ಪತ್ತೆಹಚ್ಚಲು ಅವು ಸಹಾಯಕ.